ಸಿಗರೇಟು ಬಿಟ್ಟು ಪೈಪ್ ಹಿಡಿದರೆ ಎದೆಗೆ ಒಳ್ಳೆಯದೇ?

ನಾನು ನಿಪ್ಪಾಣಿಯ ತಂಬಾಕು ವ್ಯಾಪಾರದ ಮನೆತನದವನೆಂದು ತಿಳಿದ ಕೂಡಲೇ ಪರಿಚಯದವರು ಕೇಳುವ ಪ್ರಶ್ನೆಯೊಂದಿದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿ ಮಾಡುತ್ತ, ಹಬ್ಬಕ್ಕೆಂದು ಊರಿಗೆ ಬರುವ ತರುಣರು ಇದನ್ನು ಹೆಚ್ಚಾಗಿ ಕೇಳುತ್ತಾರೆ: “ಕಾಕಾ, ಸಿಗರೇಟ್ ಬಿಟ್ಟು ಪೈಪ್ ಹಿಡಿದ್ರ ಎದಿಗೆ ತ್ರಾಸ ಕಡಿಮಿ ಅಂತಾರಲ್ಲ, ಖರೇ ಏನ್ರಿ?”

ಸಿಗರೇಟನ್ನು ಹಾಗೆಯೇ ಸೇದುತ್ತ ಹೋಗುವವನಿಗಿಂತ ಪೈಪಿಗೆ ಬದಲಾದವನಿಗೆ ಅಪಾಯ ಕಡಿಮೆ ಎಂಬ ಮಾತು ನಿಜ. ಆದರೆ ಮೊದಲಿನಿಂದಲೂ ಪೈಪನ್ನಷ್ಟೇ ಸೇದಿದವನಿಗೆ ಇರುವ ಅಪಾಯಕ್ಕಿಂತ ಸಿಗರೇಟಿನಿಂದ ಪೈಪಿಗೆ ಬಂದವನ ಅಪಾಯ ಹೆಚ್ಚು. ಪೂರ್ತಿ ಬಿಟ್ಟವನಿಗೆ ಹೋಲಿಸಿದರಂತೂ ಅವನು ಬಹಳ ಹಿಂದೆ ಉಳಿಯುತ್ತಾನೆ. ಆದ್ದರಿಂದ ಕೇಳಿದವರಿಗೆಲ್ಲ ನಾನು ಬೇಡವೆಂದೇ ಹೇಳುತ್ತೇನೆ. ಹೀಗೇಕೆ ಎಂಬುದನ್ನು ತಿಳಿಯಲು ಮೊದಲು ಎಲೆಯ ಗುಣವನ್ನು ತಿಳಿಯಬೇಕು.

ನಮ್ಮ ನಿಪ್ಪಾಣಿ, ಚಿಕ್ಕೋಡಿ ಭಾಗದಲ್ಲಿ ಬೆಳೆಯುವುದು ಬೀಡಿ ತಂಬಾಕು. ಅದು ಬಿಸಿಲಿನಲ್ಲಿ ಒಣಗುತ್ತದೆ. ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣಗಳ ಕಡೆಯದು. ಅದನ್ನು ಬ್ಯಾರನ್ ಎಂಬ ಮುಚ್ಚಿದ ಕಟ್ಟಡದೊಳಗೆ ಕೊಳವೆಗಳ ಮೂಲಕ ಬಿಸಿ ಹಾಯಿಸಿ ಹದ ಮಾಡುತ್ತಾರೆ. ಹೀಗೆ ಹದಗೊಂಡ ಎಲೆಯಲ್ಲಿ ಸಕ್ಕರೆಯ ಅಂಶ ಉಳಿಯುವುದರಿಂದ ಅದರ ಹೊಗೆ ಆಮ್ಲೀಯವಾಗಿರುತ್ತದೆ. ಆಮ್ಲೀಯ ಹೊಗೆಯಲ್ಲಿನ ನಿಕೋಟಿನ್ ಬಾಯಿಯ ಒಳಪದರದಿಂದ ಸುಲಭವಾಗಿ ರಕ್ತಕ್ಕೆ ಇಳಿಯುವುದಿಲ್ಲ, ಅದಕ್ಕೆ ಶ್ವಾಸಕೋಶವೇ ಬೇಕು. ಸಿಗರೇಟು ಸೇದುವವನು ಹೊಗೆಯನ್ನು ಎದೆಯ ಆಳಕ್ಕೆ ಎಳೆದುಕೊಳ್ಳುವುದು ಬರೀ ರೂಢಿಯಿಂದಲ್ಲ. ಎಳೆದುಕೊಳ್ಳದಿದ್ದರೆ ಅವನಿಗೆ ಬೇಕಾದದ್ದು ಸಿಗುವುದೇ ಇಲ್ಲ.

ಪೈಪಿನ ತಂಬಾಕು ಸಾಮಾನ್ಯವಾಗಿ ಹಲವು ಎಲೆಗಳ ಮಿಶ್ರಣ. ಅದರಲ್ಲಿ ಗಾಳಿಯಲ್ಲಿ ಒಣಗಿಸಿದ ಬರ್ಲಿಯಂತಹ ಎಲೆ ಹೆಚ್ಚಿದ್ದಷ್ಟೂ ಹೊಗೆ ಕ್ಷಾರೀಯ ಗುಣದತ್ತ ವಾಲುತ್ತದೆ, ಕ್ಷಾರ ಹೆಚ್ಚಿದಷ್ಟೂ ನಿಕೋಟಿನ್ ಬಾಯಿಯಿಂದಲೇ ರಕ್ತ ಸೇರುತ್ತದೆ. ಇದನ್ನು ನಮ್ಮ ಭಾಗದವರಿಗೆ ಪ್ರಯೋಗಾಲಯಕ್ಕೆ ಕರೆದೊಯ್ದು ತೋರಿಸಬೇಕಾಗಿಲ್ಲ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ ತುಟಿಯ ಒಳಗೆ ಇಟ್ಟುಕೊಳ್ಳುವವರು ತಲೆಮಾರುಗಳಿಂದ ಮಾಡುತ್ತ ಬಂದಿರುವುದು ಇದನ್ನೇ. ಸುಣ್ಣದ ಕ್ಷಾರವಿಲ್ಲದೆ ತಂಬಾಕಿಗೆ ಆ ಬಿರುಸು ಬರುವುದಿಲ್ಲವೆಂಬುದು ಅವರಿಗೆ ಗೊತ್ತು. ನಿಕೋಟಿನ್ನಿಗೆ ಒಳಹೊಗಲು ಬಾಯಿಯೂ ಬೇಕಾಗಿಲ್ಲ. ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದ ಹಸಿ ತಂಬಾಕಿನ ಎಲೆಯನ್ನು ಬರಿಗೈಯಲ್ಲಿ ಮುರಿಯುವ ಆಳುಗಳಿಗೆ ಚರ್ಮದ ಮೂಲಕವೇ ಅದು ಸೇರಿ, ತಲೆ ಸುತ್ತಿ ವಾಂತಿಯಾಗುವುದುಂಟು. ಆ ದುಡಿಮೆಯ ಕಷ್ಟ ಬೇರೆಯದೇ ದೊಡ್ಡ ವಿಷಯ. ಅದನ್ನು ಇನ್ನೊಮ್ಮೆ ಬರೆಯಬೇಕು.

ಹಾಗಾದರೆ ಪೈಪ್ ಸೇದುವವನು ಹೊಗೆಯನ್ನು ಬಾಯಲ್ಲಿ ಇಟ್ಟುಕೊಂಡು ಹೊರಗೆ ಬಿಟ್ಟರೆ ಸಾಕು, ಎದೆಗೆ ಇಳಿಸಬೇಕಾಗಿಲ್ಲ. ಪೈಪಿನ ಪರವಾಗಿ ಹೇಳುವ ಮಾತೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಮೊದಲಿನಿಂದಲೂ ಪೈಪನ್ನೇ ಸೇದಿದವರ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ. ಆದರೆ ನನ್ನನ್ನು ಕೇಳುವವರು ಅಂಥವರಲ್ಲ. ಹತ್ತು ವರ್ಷ ಸಿಗರೇಟು ಸೇದಿದವನ ಎದೆ ಹೊಗೆಯನ್ನು ತಾನಾಗಿಯೇ ಎಳೆದುಕೊಳ್ಳಲು ಕಲಿತುಬಿಟ್ಟಿರುತ್ತದೆ, ಕೈಯಲ್ಲಿರುವುದು ಬದಲಾದ ಮಾತ್ರಕ್ಕೆ ಅದು ಕಲಿತದ್ದನ್ನು ಮರೆಯುವುದಿಲ್ಲ.

ಇದು ನನ್ನ ಊಹೆಯಲ್ಲ. ಲಂಡನ್ನಿನಲ್ಲಿ 1975ರಿಂದ 1982ರವರೆಗೆ ಆರೋಗ್ಯ ತಪಾಸಣೆಗೆ ಬಂದ, 35ರಿಂದ 64 ವರ್ಷದೊಳಗಿನ 21,520 ಗಂಡಸರನ್ನು ಗಮನಿಸುತ್ತ ಬಂದು ವಾಲ್ಡ್ ಮತ್ತು ವಾಟ್ ಎಂಬ ಇಬ್ಬರು ಸಂಶೋಧಕರು 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಅಧ್ಯಯನಕ್ಕೆ ಸೇರುವ 20ಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಸಿಗರೇಟಿನಿಂದ ಪೈಪಿಗೋ ಚುಟ್ಟಾಕ್ಕೋ ಬದಲಾಗಿದ್ದವರನ್ನು, ಎಂದೂ ಸಿಗರೇಟು ಮುಟ್ಟದೆ ಅವನ್ನಷ್ಟೇ ಸೇದಿದವರೊಂದಿಗೆ ಅವರು ಹೋಲಿಸಿ ನೋಡಿದರು. ಎರಡೂ ಗುಂಪಿನವರು ದಿನಕ್ಕೆ ಸುಡುತ್ತಿದ್ದ ತಂಬಾಕು ಒಂದೇ ಪ್ರಮಾಣದ್ದು, ಸುಮಾರು 8 ಗ್ರಾಂ. ಆದರೂ ಬದಲಾಗಿ ಬಂದವರ ರಕ್ತದಲ್ಲಿ ಹಿಮೋಗ್ಲೋಬಿನ್ನಿಗೆ ಅಂಟಿದ ಕಾರ್ಬನ್ ಮೊನಾಕ್ಸೈಡಿನ ಪ್ರಮಾಣ ಹೆಚ್ಚಾಗಿತ್ತು. ಅಂದರೆ ಎರಡು ದಶಕ ಕಳೆದರೂ ಅವರು ಹೊಗೆಯನ್ನು ಹೆಚ್ಚಾಗಿಯೇ ಒಳಗೆಳೆದುಕೊಳ್ಳುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್, ಹೃದಯದ ರಕ್ತನಾಳದ ರೋಗ ಮತ್ತು ದೀರ್ಘಕಾಲದ ಶ್ವಾಸಕೋಶ ರೋಗ, ಈ ಮೂರರಿಂದ ಸಾಯುವ ಅಪಾಯವು ಸಿಗರೇಟನ್ನು ಬಿಡದವರಿಗಿಂತ ಅವರಲ್ಲಿ ಶೇ. 46ರಷ್ಟು ಕಡಿಮೆಯಿತ್ತು. ಮೊದಲಿನಿಂದಲೂ ಪೈಪು, ಚುಟ್ಟಾ ಸೇದಿದವರಿಗಿಂತ ಅದೇ ಅಪಾಯ ಶೇ. 51ರಷ್ಟು, ಆ ಕಾಲದಲ್ಲೇ ಸಿಗರೇಟನ್ನು ಪೂರ್ತಿ ಬಿಟ್ಟವರಿಗಿಂತ ಶೇ. 57ರಷ್ಟು ಹೆಚ್ಚಾಗಿತ್ತು. ಪೈಪಿನ ಪರವಾಗಿ ಮಾತಾಡುವವರು ಮೊದಲ ಅಂಕಿಯನ್ನು ಹೇಳಿ ಉಳಿದೆರಡನ್ನು ಬಿಟ್ಟುಬಿಡುತ್ತಾರೆ.

“ನಾನು ಎಳೆದುಕೊಳ್ಳುವುದಿಲ್ಲ, ಹುಷಾರಾಗಿರುತ್ತೇನೆ” ಎಂದು ಕೆಲವರು ಹೇಳುತ್ತಾರೆ. ಪೈಪನ್ನು ನಿಧಾನವಾಗಿ ಸೇದಬೇಕು. ಒಮ್ಮೆ ತುಂಬಿದ ತಂಬಾಕು ಅರ್ಧ ಗಂಟೆ, ಮುಕ್ಕಾಲು ಗಂಟೆ ಉರಿಯಬೇಕು. ಐದಾರು ನಿಮಿಷಕ್ಕೆ ಒಂದು ಸಿಗರೇಟು ಮುಗಿಸುವ ವೇಗ ಮೈಗೂಡಿದವನು ಅದೇ ವೇಗದಲ್ಲಿ ಎಳೆದಾಗ ಕಟ್ಟಿಗೆಯ ಬಟ್ಟಲು ಕಾದು, ಹೊಗೆ ಬಿಸಿಯಾಗಿ ನಾಲಿಗೆ ಸುಡುತ್ತದೆ. ಬಾಯಿಗೆ ಉರಿ, ಎದೆಗೆ ಅತೃಪ್ತಿ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಪಾನ್‌ಶಾಪಿನಲ್ಲಿ ಸಿಗರೇಟು ಸಿಗುತ್ತದೆ. ನಾನು ಕಂಡ ಹೆಚ್ಚಿನವರಲ್ಲಿ ಪೈಪ್ ಮನೆಯ ಜಗುಲಿಯ ಮೇಲಿನ ಭಾನುವಾರದ ಸಂಗಾತಿಯಾಗಿ ಉಳಿಯಿತು, ಕಚೇರಿಯ ದಿನಗಳಲ್ಲಿ ಸಿಗರೇಟು ಹಾಗೆಯೇ ನಡೆಯಿತು. ಅಂದರೆ ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲ, ಒಂದರ ಜೊತೆಗೆ ಇನ್ನೊಂದನ್ನು ಸೇರಿಸಿಕೊಂಡರು.

ಇನ್ನು, ಎದೆಗೆ ಇಳಿಸದವನೂ ಪಾರಾಗುವುದಿಲ್ಲ. ಹೊಗೆ ತಂಗುವ ಜಾಗವೇ ಬಾಯಿ ಮತ್ತು ಗಂಟಲು. ಸಿಗರೇಟು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಅಮೆರಿಕ ಸರ್ಕಾರದ ಪ್ರಮುಖ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 1964ರಲ್ಲಿ ಹೊರಡಿಸಿದ ವರದಿಯೇ ಪೈಪ್ ಸೇದುವಿಕೆಯನ್ನು ತುಟಿಯ ಕ್ಯಾನ್ಸರಿಗೆ ಕಾರಣವೆಂದು ಗುರುತಿಸಿತ್ತು. ಮುಂದೆ 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಪೈಪನ್ನಷ್ಟೇ ಸೇದಿದ ಗಂಡಸರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ, ತಂಬಾಕನ್ನೇ ಮುಟ್ಟದವರಿಗೆ ಹೋಲಿಸಿದರೆ, ಸುಮಾರು ಐದು ಪಟ್ಟು ಇತ್ತು. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಅದು ಹತ್ತು ಪಟ್ಟನ್ನೂ ಮೀರಿತ್ತು. ತಂಬಾಕು ಜಗಿಯುವ ಚಟದಿಂದ ಬಾಯಿಯ ಕ್ಯಾನ್ಸರ್ ಮೊದಲೇ ಇಷ್ಟು ಹರಡಿರುವ ನಮ್ಮ ನಾಡಿನಲ್ಲಿ ಎದೆಯ ಭಾರವನ್ನು ಇಳಿಸಿ ಬಾಯಿಯ ಮೇಲೆ ಹೊರಿಸುವುದನ್ನು ನಾನು ಹೇಗೆ ಒಳ್ಳೆಯದೆನ್ನಲಿ?

ನಮ್ಮ ಹಳ್ಳಿಗಳ ಹಿರಿಯರು ಚಿಲುಮೆ ಸೇದಿಯೂ ಎಂಬತ್ತು ದಾಟಿದರಲ್ಲ ಎಂಬ ಮಾತೂ ಬರುತ್ತದೆ. ಎಂಬತ್ತು ದಾಟಿದವರು ಕಟ್ಟೆಯ ಮೇಲೆ ಕುಳಿತಿರುತ್ತಾರೆ, ಆದ್ದರಿಂದ ಕಣ್ಣಿಗೆ ಬೀಳುತ್ತಾರೆ. ಐವತ್ತಕ್ಕೇ ಹೋದವರು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಪೈಪ್ ಹಿಡಿಯಬೇಕೆಂದವರಿಗೆ ನಾನು ಕೇಳುವುದು ಇಷ್ಟು: ನಿಮಗೆ ಬೇಕಾದದ್ದು ನಿಕೋಟಿನ್ ನಿಧಾನವಾಗಿ ಬಾಯಿಯಿಂದ ರಕ್ತಕ್ಕೆ ಇಳಿಯುವುದೇ ಆದರೆ, ಅದಕ್ಕೆ ಎಲೆಯನ್ನು ಸುಡುವ ಅಗತ್ಯವೇನು? ಔಷಧಿ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ ಆ ಕೆಲಸವನ್ನು ಟಾರು, ಕಾರ್ಬನ್ ಮೊನಾಕ್ಸೈಡುಗಳಿಲ್ಲದೆ ಮಾಡುತ್ತದೆ. ಅದು 2 ಮತ್ತು 4 ಮಿಲಿಗ್ರಾಂಗಳಲ್ಲಿ ಬರುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೇ ಮೊದಲ ಸಿಗರೇಟು ಬೇಕೆನಿಸುವವರಿಗೆ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣದ್ದು ಬೇಕಾಗುತ್ತದೆ. ಹೃದಯರೋಗ ಇದ್ದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿದರೆ ಬಿಡುವ ದಾರಿಯನ್ನು ಆಪ್ತ ಸಮಾಲೋಚಕರು ಹೇಳಿಕೊಡುತ್ತಾರೆ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಲೆಕ್ಕದ ಪ್ರಕಾರ, ಮೂವತ್ತರ ಸುಮಾರಿಗೆ ಸಿಗರೇಟು ಬಿಟ್ಟವರಿಗೆ, ಬಿಡದವರಿಗಿಂತ ಸುಮಾರು 10 ವರ್ಷದ ಆಯುಷ್ಯ ಹೆಚ್ಚು ಸಿಗುತ್ತದೆ, ಅರವತ್ತಕ್ಕೆ ಬಿಟ್ಟವರಿಗೂ ಸುಮಾರು 3 ವರ್ಷ.

ಗಮ್ ಉಪಯೋಗಿಸುವವರು ಒಂದನ್ನು ನೆನಪಿಡಬೇಕು. ಅದನ್ನು ಚಿಂಗಮ್ಮಿನಂತೆ ಒಂದೇ ಸಮನೆ ಜಗಿಯಬಾರದು. ನಾಲಿಗೆಗೆ ಚುರುಚುರು ಎನ್ನುವವರೆಗೆ ಮೆಲ್ಲಗೆ ಜಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಕಾಫಿ, ನಿಂಬೆ ಪಾನಕ, ಸೋಡಾಗಳಂತಹ ಆಮ್ಲೀಯ ಪಾನೀಯ ಕುಡಿದು ಹದಿನೈದು ನಿಮಿಷವಾದರೂ ಆಗುವ ತನಕ ಅದನ್ನು ಬಾಯಿಗೆ ಹಾಕಿಕೊಳ್ಳಬಾರದು, ಏಕೆಂದರೆ ಸುಣ್ಣವಿಲ್ಲದ ತಂಬಾಕಿಗೆ ಬಿರುಸು ಬಾರದ ಕಾರಣದಿಂದಲೇ ಆಮ್ಲ ತುಂಬಿದ ಬಾಯಿಯಲ್ಲಿ ಗಮ್ ಕೆಲಸ ಮಾಡುವುದಿಲ್ಲ. ಗಮ್ ಹತ್ತಲಿಲ್ಲವೆಂದು ಎರಡೇ ದಿನಕ್ಕೆ ಕೈಬಿಟ್ಟವರು ಇದನ್ನೊಮ್ಮೆ ಸರಿಪಡಿಸಿಕೊಂಡು ನೋಡಲಿ.