ಹೊಸ ಐಪೀಸು, ಹೊಸ ಫಿಲ್ಟರು: ಚಂದ್ರನಿಲ್ಲದ ಒಂದು ರಾತ್ರಿಯ ಪರೀಕ್ಷೆ

ಹೊಸ ಉಪಕರಣವನ್ನು ಮೊದಲ ನೋಟಕ್ಕೇ ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು ಎಂಬುದು ನನ್ನ ನಿಲುವು. ದೂರದರ್ಶಕದಲ್ಲಿ ಕಾಣುವ ಬಿಂಬದಲ್ಲಿ ಐಪೀಸಿನ (ಕಣ್ಣಿಟ್ಟು ನೋಡುವ ಮಸೂರದ) ಗುಣದೋಷಗಳ ಜೊತೆಗೆ ಮೇಲಿನ ಗಾಳಿಯ ಕದಲಿಕೆ, ಕನ್ನಡಿಯಲ್ಲಿ ಉಳಿದ ಬಿಸಿ, ಕನ್ನಡಿಗಳ ಜೋಡಣೆಯ ಓರೆಕೋರೆ, ನೋಡುವವರ ಕಣ್ಣಿನ ದೋಷ, ಇವೆಲ್ಲವೂ ಬೆರೆತಿರುತ್ತವೆ. ಒಂದೊಂದನ್ನೇ ಬೇರ್ಪಡಿಸಿ ನೋಡದೆ ಕೊಟ್ಟ ತೀರ್ಪು ಬಹುಮಟ್ಟಿಗೆ ಆ ರಾತ್ರಿಯ ಆಕಾಶದ ಬಗೆಗಿನ ತೀರ್ಪಾಗಿರುತ್ತದೆ. 200 ಮಿ.ಮೀ. ವ್ಯಾಸ ಮತ್ತು 1200 ಮಿ.ಮೀ. ನಾಭಿದೂರವಿರುವ ನನ್ನ ನ್ಯೂಟೋನಿಯನ್ ದೂರದರ್ಶಕಕ್ಕೆ ಈಚೆಗೆ 30 ಮತ್ತು 6 ಮಿ.ಮೀ.ಗಳ ಎರಡು ವಿಶಾಲನೋಟದ ಐಪೀಸುಗಳೂ ಕೆಲವು ನೀಹಾರಿಕೆಗಳ ಬೆಳಕನ್ನಷ್ಟೇ ಒಳಬಿಡುವ ಒಂದು ಓ-ತ್ರೀ ಫಿಲ್ಟರೂ ಸೇರಿದ್ದರಿಂದ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ನೆತ್ತಿಯತ್ತ ಏರುತ್ತಿದ್ದ ರಾತ್ರಿಯೊಂದರಲ್ಲಿ ಅವನ್ನು ಒರೆಗೆ ಹಚ್ಚಿದೆ.

ಹೊರಗೆ ತಂದಿಟ್ಟ ದೂರದರ್ಶಕದ ಕನ್ನಡಿ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವಷ್ಟು ಹೊತ್ತೂ ಅದರ ಮೇಲ್ಮೈಯಿಂದ ಬಿಸಿಗಾಳಿ ಏಳುತ್ತಿರುತ್ತದೆ. ಪ್ರಕಾಶಮಾನವಾದ ನಕ್ಷತ್ರವೊಂದನ್ನು ಫೋಕಸ್ ತಪ್ಪಿಸಿ ದೊಡ್ಡ ಬಿಲ್ಲೆಯಾಗಿಸಿದರೆ ಈ ಗಾಳಿ ಕಣ್ಣಿಗೇ ಕಾಣುತ್ತದೆ: ಬಿಲ್ಲೆಯ ಮೇಲೆ ನಿಧಾನವಾಗಿ ತೆವಳುವ ನೆರಳುಗಳು ಕೊಳವೆಯೊಳಗಿನ ಬಿಸಿಯವು, ಇಡೀ ಬಿಲ್ಲೆಯನ್ನು ಸರಸರನೆ ಅಲುಗಿಸುವ ನಡುಕ ಮೇಲಿನ ವಾತಾವರಣದ್ದು. ಆದ್ದರಿಂದ ಸಂಜೆಯ ಹೊತ್ತನ್ನು ಕಡಿಮೆ ವರ್ಧನೆಯ ಕೆಲಸಕ್ಕೆ ಮೀಸಲಿಟ್ಟು, ಹೆಚ್ಚು ವರ್ಧನೆ ಕೊಡುವ 6 ಮಿ.ಮೀ. ಐಪೀಸನ್ನು ಪೆಟ್ಟಿಗೆಯಲ್ಲೇ ಬಿಟ್ಟೆ.

30 ಮಿ.ಮೀ. ಐಪೀಸು 40 ಪಟ್ಟು ವರ್ಧನೆ ಕೊಡುತ್ತದೆ. ಅದರಿಂದ ಹೊರಬೀಳುವ ಬೆಳಕಿನ ಕೋಲಿನ ವ್ಯಾಸ 5 ಮಿ.ಮೀ. ನೋಟದ ಅಂಚಿನಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ ಉಳಿಯದೆ ಎಳೆದಂತಾಗಿದ್ದವು. ಇಲ್ಲಿ ಐಪೀಸನ್ನು ದೂರುವುದು ಸುಲಭ, ಆದರೆ ಎಳೆತದ ಆಕಾರವನ್ನು ಗಮನಿಸಬೇಕು. ಬಾಲ ಹೊರಮುಖವಾಗಿ ಬೀಸಣಿಗೆಯಂತೆ ಹರಡಿದ್ದರೆ ಅದು ಪರವಲಯ ಕನ್ನಡಿಗೆ ಸಹಜವಾದ ಕೋಮಾ ದೋಷ. ಫೋಕಸ್ ಬಿಂದುವಿನ ಆಚೀಚೆ ಹೋದಾಗ ಗೆರೆಯು ಅಡ್ಡದಿಂದ ಉದ್ದಕ್ಕೆ ತಿರುಗಿದರೆ ಅದು ಅಸ್ಟಿಗ್ಮ್ಯಾಟಿಸಂ. ತುಸು ಫೋಕಸ್ ಬದಲಿಸಿದೊಡನೆ ಅಂಚು ಚುರುಕಾಗಿ ನಡುಭಾಗ ಮಸುಕಾದರೆ ಬಿಂಬದ ತಲವೇ ಬಾಗಿದೆ ಎಂದರ್ಥ. ಇದಲ್ಲದೆ ನೋಟದ ನಟ್ಟನಡುವಿನ ನಕ್ಷತ್ರವೇ ಸೊಟ್ಟಗಿದ್ದರೆ ತಲೆಯನ್ನು ವಾಲಿಸಿ ನೋಡಬೇಕು. ಸೊಟ್ಟವೂ ಜೊತೆಗೆ ತಿರುಗಿದರೆ ದೋಷ ನಮ್ಮ ಕಣ್ಣಿನದೇ. ಬೆಳಕಿನ ಕೋಲು ದಪ್ಪವಾಗಿದ್ದಷ್ಟೂ ಕಣ್ಣಿನ ಈ ದೋಷ ಹೆಚ್ಚು ಎದ್ದು ಕಾಣುತ್ತದೆ. ನನ್ನ ಐಪೀಸಿನ ಅಂಚಿನಲ್ಲಿ ಕೋಮಾ ಮತ್ತು ಅಸ್ಟಿಗ್ಮ್ಯಾಟಿಸಂ ಎರಡೂ ಬೆರೆತಿದ್ದವು, ಎರಡನೆಯದೇ ಒಂದು ಕೈ ಮೇಲು. ನೋಟದ ಹೊರ ಕಾಲುಭಾಗವನ್ನು ಬಿಟ್ಟರೆ ಮಿಕ್ಕದ್ದೆಲ್ಲ ತೃಪ್ತಿಕರ.

ಫಿಲ್ಟರಿನ ಪರೀಕ್ಷೆಯಲ್ಲಿ ಇಂಥ ಗೊಂದಲವೇ ಇರಲಿಲ್ಲ. ಏಕಶೃಂಗಿ ನಕ್ಷತ್ರಪುಂಜದ ರೋಸೆಟ್ ನೀಹಾರಿಕೆ ಹುಣ್ಣಿಮೆ ಚಂದ್ರನ ಎರಡರಷ್ಟಕ್ಕಿಂತಲೂ ಅಗಲವಾಗಿದ್ದರೂ, ಬರಿಯ ಐಪೀಸಿನಲ್ಲಿ ನನಗೆ ಅದರ ನಡುವಿನ ತಾರಾಗುಚ್ಛ ಮಾತ್ರ ಕಂಡಿತು. ಫಿಲ್ಟರನ್ನು ಕಣ್ಣಿಗೂ ಐಪೀಸಿಗೂ ನಡುವೆ ಹಿಡಿದು ಹಿಂದೆಮುಂದೆ ಸರಿಸಿದಾಗ ಗುಚ್ಛದ ಸುತ್ತ ಬೂದುಬಣ್ಣದ ಬಳೆಯೊಂದು ಮೂಡಿ ಮರೆಯಾಗತೊಡಗಿತು. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕ ಸೂಸುವ 496 ಮತ್ತು 501 ನ್ಯಾನೋಮೀಟರ್ ತರಂಗಾಂತರದ ಎರಡು ರೋಹಿತದ ಗೆರೆಗಳನ್ನು ಬಿಟ್ಟು ಉಳಿದ ಬೆಳಕನ್ನೆಲ್ಲ ಈ ಗಾಜು ತಡೆಯುತ್ತದೆ. 1864ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹಗ್ಗಿನ್ಸ್ ನೀಹಾರಿಕೆಯೊಂದರ ರೋಹಿತದಲ್ಲಿ ಕಂಡ ಈ ಹಸಿರು ಗೆರೆಗಳನ್ನು ಭೂಮಿಯಲ್ಲಿಲ್ಲದ ‘ನೆಬ್ಯುಲಿಯಂ’ ಎಂಬ ಧಾತುವಿನವೆಂದು ದಶಕಗಳ ಕಾಲ ಭಾವಿಸಲಾಗಿತ್ತು. ಅವು ಆಮ್ಲಜನಕದವೆಂದು ಭೌತವಿಜ್ಞಾನಿ ಐರಾ ಬೋವೆನ್ ತೋರಿಸಿದ್ದು 1927ರಲ್ಲಿ. ಕೃತ್ತಿಕೆಯ ಸುತ್ತಲಿನ ಮಂಜಿಗೆ ಮಾತ್ರ ಇದೇ ಫಿಲ್ಟರು ಕೇಡನ್ನೇ ಮಾಡಿತು. ಅಲ್ಲಿಯದು ಧೂಳಿನಿಂದ ಪ್ರತಿಫಲಿಸಿದ ನಕ್ಷತ್ರದ ಬೆಳಕಾದ್ದರಿಂದ ಹಾಗಾಗುವುದೇ ಸರಿ, ಮತ್ತು ಈ ವೈಫಲ್ಯವೂ ಫಿಲ್ಟರು ತನ್ನ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಸಾಕ್ಷಿ.

ಕನ್ನಡಿ ತಣಿದ ಮೇಲೆ 6 ಮಿ.ಮೀ. ಐಪೀಸಿನ ಸರದಿ ಬಂತು. ಅದಕ್ಕೂ ಮೊದಲು ಕನ್ನಡಿಗಳ ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಮಿಥುನದ ಕ್ಯಾಸ್ಟರ್ ನಕ್ಷತ್ರವನ್ನು ಫೋಕಸಿನ ಒಳಗೂ ಹೊರಗೂ ಒಯ್ದು ಉಂಗುರಗಳು ಏಕಕೇಂದ್ರವಾಗಿವೆಯೇ ಎಂದು ಪರಿಶೀಲಿಸಿದೆ. ಈ ಪರೀಕ್ಷೆಗೆ ಅಲುಗದ ಧ್ರುವನಕ್ಷತ್ರವನ್ನು ಶಿಫಾರಸು ಮಾಡುವುದುಂಟು, ಆದರೆ ಸಮಭಾಜಕಕ್ಕೆ ಹತ್ತಿರವಿರುವವರಿಗೆ ಅದು ದಿಗಂತದ ದಟ್ಟ ಗಾಳಿಯಲ್ಲಿ ಮುಳುಗಿರುವುದರಿಂದ ಎತ್ತರದ ನಕ್ಷತ್ರವೇ ಮೇಲು. ಹೋಲಿಕೆಗೆ ಹಳೆಯ 12 ಮಿ.ಮೀ. ಐಪೀಸಿಗೆ ವರ್ಧನೆಯನ್ನು ಎರಡು ಪಟ್ಟಾಗಿಸುವ ಬಾರ್ಲೋ ಮಸೂರ ಜೋಡಿಸಿಕೊಂಡೆ. ಹಾಗೆ ಎರಡರಲ್ಲೂ 200 ಪಟ್ಟು ವರ್ಧನೆ. ವರ್ಧನೆ ಸಮನಾಗಿಲ್ಲದ ಹೋಲಿಕೆಯನ್ನು ನಾನು ನಂಬುವುದಿಲ್ಲ.

ಮಹಾವ್ಯಾಧ ನೀಹಾರಿಕೆಯ ನಡುವಿನ ಟ್ರೆಪೀಜಿಯಂ ಎಂಬ ತಾರಾಗುಚ್ಛದಲ್ಲಿ ನಾಲ್ಕು ನಕ್ಷತ್ರಗಳು ಸುಲಭವಾಗಿ ಕಾಣುತ್ತವೆ. 11ರ ಆಸುಪಾಸಿನ ಕಾಂತಿಮಾನದ (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಇ ಮತ್ತು ಎಫ್ ಎಂಬ ಇನ್ನೆರಡು ನಕ್ಷತ್ರಗಳು ಮಾತ್ರ ಗಾಳಿ ನಿಂತ ಕ್ಷಣಗಳಲ್ಲಷ್ಟೇ ಇಣುಕುತ್ತವೆ. ಅವು ಎರಡು ಐಪೀಸುಗಳಲ್ಲೂ ಒಂದೇ ಬಗೆಯಲ್ಲಿ ಇಣುಕಿದವು. ನಡುಭಾಗದ ಚುರುಕಿನಲ್ಲಿ ಹೊಸದು ಹಳೆಯದಕ್ಕಿಂತ ಹೆಚ್ಚೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಮಹಾವ್ಯಾಧದ ಪ್ರಕಾಶಮಾನ ನಕ್ಷತ್ರ ರೀಗಲ್‌ನ ಪಕ್ಕದಲ್ಲಿರುವ, ಅದಕ್ಕಿಂತ ನೂರಾರು ಪಟ್ಟು ಮಂಕಾದ ಸಂಗಾತಿ ಹೊಸದರಲ್ಲಿ ತುಸು ಬೇಗ ಸಿಕ್ಕಿತು, ಏಕೆಂದರೆ ರೀಗಲ್‌ನ ಸುತ್ತ ಚೆದುರುವ ಬೆಳಕು ಅಲ್ಲಿ ಕಡಿಮೆ. ನಿಜವಾದ ಲಾಭವಿರುವುದು ನೋಟದ ಅಗಲದಲ್ಲಿ. ಮೋಟಾರಿಲ್ಲದ ನನ್ನ ಸ್ಟ್ಯಾಂಡಿನಲ್ಲಿ ಖಗೋಳ ಸಮಭಾಜಕದ ಬಳಿಯ ನಕ್ಷತ್ರ ನಿಮಿಷಕ್ಕೆ ಕಾಲು ಡಿಗ್ರಿ ಸರಿಯುತ್ತದೆ. 200 ಪಟ್ಟು ವರ್ಧನೆಯಲ್ಲಿ ಐಪೀಸಿನ ನೋಟದ ಇನ್ನೂರರಲ್ಲಿ ಒಂದು ಪಾಲಿನಷ್ಟೇ ಆಕಾಶ ಕಾಣುವುದರಿಂದ, ಹಳೆಯದರ 50 ಡಿಗ್ರಿ ನೋಟವನ್ನು ಅದು ಒಂದು ನಿಮಿಷದಲ್ಲಿ ದಾಟಿದರೆ, ಹೊಸದರ 80 ಡಿಗ್ರಿ ನೋಟವನ್ನು ದಾಟಲು ಒಂದೂವರೆ ನಿಮಿಷಕ್ಕೂ ಹೆಚ್ಚು ಬೇಕು. ಗಾಳಿ ನಿಲ್ಲುವ ಕ್ಷಣಕ್ಕಾಗಿ ಕಾಯುವವರಿಗೆ ಈ ಅರ್ಧ ನಿಮಿಷ ಸಣ್ಣದಲ್ಲ.

30 ಮಿ.ಮೀ. ಐಪೀಸಿನ ತೂಕದಿಂದ ಕೊಳವೆಯ ಮೂತಿ ತಾನಾಗಿ ಕೆಳಗೆ ಬಾಗುತ್ತಿತ್ತು. ಹಿಂಬದಿಗೆ ಅಯಸ್ಕಾಂತದ ಒಂದು ಪ್ರತಿತೂಕ ಅಂಟಿಸಿದ ಮೇಲೆ ಅದು ನಿಂತಿದೆ, ಆದರೆ 6 ಮಿ.ಮೀ. ಐಪೀಸು ಹಾಕುವಾಗಲೆಲ್ಲ ಅದನ್ನು ಕಿತ್ತಿಡಬೇಕಾಗುತ್ತದೆ.