ಹಪ್ಪಳದ ಬಿಸಿಲು, ಆರ್ಕ್ಟಿಕ್ ಐಸು

ಮೊನ್ನೆ ಮಧ್ಯಾಹ್ನ ಹಪ್ಪಳ ಒಣಹಾಕೋಣ ಅಂತ ಬರಿಗಾಲಲ್ಲೇ ಟೆರೇಸ್ ಹತ್ತಿದೆ, ಸುಣ್ಣ ಬಳಿದಿರೋ ಕಡೆ ಹೆಂಗೋ ನಿಲ್ಲಬಹುದಿತ್ತು, ಮಳೆಗಾಲದಲ್ಲಿ ಸೋರತ್ತೆ ಅಂತ ಕಪ್ಪು ಶೀಟ್ ಅಂಟಿಸಿದ್ವಲ್ಲ, ಅದರ ಮೇಲೆ ಕಾಲಿಟ್ಟ ತಕ್ಷಣ ಕುಣಿದುಬಿಟ್ಟೆ. ಬಿಸಿಲು ಎರಡಕ್ಕೂ ಒಂದೇ! ಆರ್ಕ್ಟಿಕ್‌ನಲ್ಲಿ ನಡೀತಿರೋದೂ ಹೆಚ್ಚುಕಮ್ಮಿ ಇದೇ ಕತೆ.

ಆಗಷ್ಟೇ ಬಿದ್ದ ಹಿಮ ಬಿಸಿಲಿನ 80-90% ವಾಪಸ್ ಎಸೆಯತ್ತೆ, ಹಿಮ ಇಲ್ಲದ ಬರೀ ಐಸ್ ಆದ್ರೆ 50-70%, ಅದೂ ಕರಗಿ ಸಮುದ್ರ ತೆರ್ಕೊಂಡ್ರೆ 6% ಅಷ್ಟೇ. ಈ ಲೆಕ್ಕಕ್ಕೆ ಆಲ್ಬೆಡೋ ಅಂತಾರೆ. ಐಸ್ ಕರಗಿದಷ್ಟೂ ನೀರು ಬಿಸಿ ಹೀರತ್ತೆ, ನೀರು ಬಿಸಿಯಾದಷ್ಟೂ ಪಕ್ಕದ ಐಸ್ ಕರಗತ್ತೆ, ಬೇಸಿಗೇಲಿ ಅಲ್ಲಿ ಸೂರ್ಯ ಬೇರೆ ವಾರಗಟ್ಟಲೆ ಮುಳುಗಲ್ಲ. ನಂಗೆ ತಲೆಯಲ್ಲಿ ಉಳಿದಿರೋದು ಮಾತ್ರ ಐಸ್ ಮೇಲಿನ ನೀಲಿ ಹೊಂಡಗಳು. ಹಿಮ ಕರಗಿ ತಗ್ಗಲ್ಲಿ ನೀರು ನಿಲ್ಲತ್ತೆ, ಫೋಟೋದಲ್ಲಿ ಸಖತ್ ಚೆಂದ, ಆದ್ರೆ ಆ ಹೊಂಡ ಸುತ್ತಲಿನ ಐಸ್‌ಗಿಂತ ಜಾಸ್ತಿ ಬಿಸಿಲು ಕುಡಿದು ತನ್ನ ತಳಾನೇ ಕೊರೀತಾ ಹೋಗತ್ತೆ.

1980ರ ದಶಕದಲ್ಲಿ ಅಲ್ಲಿನ ಬೇಸಿಗೆ ಮುಗಿದು ಸೆಪ್ಟೆಂಬರ್ ಬಂದ್ರೂ 70 ಲಕ್ಷ ಚದರ ಕಿಲೋಮೀಟರ್ ಆಸುಪಾಸು ಉಳೀತಿದ್ದ ಐಸ್ 2012ರಲ್ಲಿ ಸುಮಾರು 34 ಲಕ್ಷಕ್ಕೆ ಇಳೀತು. ತೇಲೋ ಐಸ್ ಕರಗಿದ್ರೆ ಸಮುದ್ರ ಅಷ್ಟೇನೂ ಏರಲ್ಲ, ಲೋಟದ ಜ್ಯೂಸಲ್ಲಿ ಐಸ್ ಕರಗಿದ್ರೆ ಚೆಲ್ಲಲ್ವಲ್ಲ ಹಂಗೆ, ಅದಕ್ಕೇ ‘ಏನ್ ಮಹಾ’ ಅನ್ನೋರಿದಾರೆ. ಅವರನ್ನ ಒಂದ್ಸಲ ಮಧ್ಯಾಹ್ನ ನಮ್ಮ ಟೆರೇಸ್‌ಗೆ ಕರೀಬೇಕು, ಚಪ್ಪಲಿ ಕೆಳಗೇ ಬಿಡಿಸಿ.