ದುಡ್ಡು ವಾಪಸ್ ಎಂದರೆ ಯಾವ ವಾಪಸ್?

ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ರೋಕಡಿ, ಉದ್ರಿ, ಜಮಾ, ವಟಾವು ಎಂಬ ಪೇಟೆಯ ಹಳೆಯ ಮಾತುಗಳನ್ನು ನಾನು ಕೆಲಸಕ್ಕೆ ಸೇರಿದ ವರ್ಷವೇ ಕಲಿತೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿರುವ ಕಾರ್ಡ್ ಮಷೀನಿನ ಮಾತುಗಳನ್ನು ಮಾತ್ರ ಗಿರಾಕಿಗಳೊಂದಿಗೆ ಜಟಾಪಟಿಯಾದ ಮೇಲೆಯೇ ಕಲಿಯಬೇಕಾಯಿತು. ಆ ಜಟಾಪಟಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಒಂದೇ ಕಾರಣದಿಂದ: ನಾವೆಲ್ಲ ‘ದುಡ್ಡು ವಾಪಸ್’ ಎಂದು ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಮಷೀನಿನಲ್ಲಿ ರಿವರ್ಸಲ್, ವಾಯ್ಡ್, ರಿಫಂಡ್ ಎಂಬ ಮೂರು ಬೇರೆ ಬೇರೆ ವ್ಯವಹಾರಗಳಿವೆ.

ಮದುವೆಯ ಸೀಸನ್ನಿನಲ್ಲಿ ಹರಿಹರದ ಕಡೆಯ ಹಿರಿಯರೊಬ್ಬರು 18,450 ರೂಪಾಯಿಯ ಸೀರೆ ಆರಿಸಿ ಕಾರ್ಡ್ ಕೊಟ್ಟರು. ಪಿನ್ ಒತ್ತಿದರು, ಪರದೆಯ ಮೇಲೆ ‘ಪ್ರೊಸೆಸಿಂಗ್’ ಎಂದು ಬಂದು ಬಹಳ ಹೊತ್ತು ನಿಂತಿತು, ಕೊನೆಗೆ ‘ಟೈಮ್ ಔಟ್’ ಎಂದಿತು. ಚೀಟಿ ಬರಲಿಲ್ಲ. ಅಷ್ಟರಲ್ಲಿ ಅವರ ಜೇಬಿನಲ್ಲಿದ್ದ ಫೋನ್ ಸದ್ದು ಮಾಡಿತು.

“ಕಟ್ ಆಗೈತಲ್ರೀ, ಮೆಸೇಜ್ ನೋಡ್ರಿ. ಇನ್ನೊಮ್ಮೆ ಕೊಡು ಅಂದ್ರ ಹೆಂಗ್ರಿ?”

“ಯಜಮಾನ್ರೇ, ನಮಗ ಬಂದಿಲ್ರೀ,” ಎಂದೆ. ಇಬ್ಬರ ಮಾತೂ ನಿಜವಾಗಿತ್ತು, ಕಷ್ಟವೂ ಅದೇ ಆಗಿತ್ತು.

ಕಾರ್ಡ್ ಹಾಕಿದಾಗ ನಮ್ಮ ಮಷೀನಿನಿಂದ ಹೊರಟ ಕೋರಿಕೆ ಮೊದಲು ಮಷೀನು ಕೊಟ್ಟ ಬ್ಯಾಂಕಿಗೆ, ಅಂದರೆ ಅಕ್ವೈರರ್‌ಗೆ ಹೋಗುತ್ತದೆ. ಅಲ್ಲಿಂದ ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ ಗಿರಾಕಿಯ ಬ್ಯಾಂಕಿಗೆ, ಅಂದರೆ ಇಶ್ಯೂಯರ್‌ಗೆ ತಲುಪಿ, ಒಪ್ಪಿಗೆಯ ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಗಿರಾಕಿಯ ಬ್ಯಾಂಕು ಹಣ ಕಳೆದು ಉತ್ತರ ಕಳುಹಿಸಿದ ಮೇಲೆ ಆ ಉತ್ತರ ನಡುದಾರಿಯಲ್ಲಿ ಕಳೆದುಹೋದರೆ, ಅವರ ಖಾತೆಯಲ್ಲಿ ಕಡಿತವಾಗಿರುತ್ತದೆ, ನಮ್ಮಲ್ಲಿ ಮಾರಾಟ ದಾಖಲಾಗಿರುವುದಿಲ್ಲ. ಆಗ ‘ಹಿಂದಿನದನ್ನು ರದ್ದು ಮಾಡು’ ಎಂದು ಯಾರೂ ಗುಂಡಿ ಒತ್ತದೆಯೇ ಹೋಗುವ ಸಂದೇಶವೇ ರಿವರ್ಸಲ್. ಇಂಥ ಸಂದರ್ಭದಲ್ಲಿ ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನೂ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಇದನ್ನು ನಾನು ಆ ಹಿರಿಯರಿಗೆ ಸಮಾಧಾನದಿಂದ ವಿವರಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅಂಗಡಿ ತುಂಬ ಜನ, ಅವರ ದನಿಯೂ ಏರಿತ್ತು, ನನ್ನದೂ ಏರಿತ್ತು.

ವಾಯ್ಡ್ ಎಂಬುದರ ಸ್ವಭಾವವೇ ಬೇರೆ. ಮಾರಾಟ ಸರಿಯಾಗಿ ನಡೆದು ಚೀಟಿ ಬಂದಿದೆ, ಆದರೆ ಅದೇ ದಿನ ಗಿರಾಕಿ ಮನಸ್ಸು ಬದಲಿಸಿದ್ದಾರೆ ಅಥವಾ ನಾವೇ ಒಂದು ಸೊನ್ನೆ ಹೆಚ್ಚು ಒತ್ತಿದ್ದೇವೆ ಎಂದಾಗ ಚೀಟಿಯಲ್ಲಿರುವ ಇನ್‌ವಾಯ್ಸ್ ನಂಬರ್ ಕೊಟ್ಟು ಆ ಒಂದು ವ್ಯವಹಾರವನ್ನು ಅಳಿಸುವುದು ವಾಯ್ಡ್. ಆದರೆ ದಿನದ ಬ್ಯಾಚ್, ಅಂದರೆ ಆ ದಿನದ ವ್ಯವಹಾರಗಳ ಕಟ್ಟು, ಸೆಟಲ್ ಆಗುವ ಮೊದಲೇ ಅದು ನಡೆಯಬೇಕು. ಸೆಟಲ್‌ಮೆಂಟ್ ಎಂದರೆ ನಮ್ಮ ಭಾಷೆಯಲ್ಲಿ ದಿನದ ರೋಕಡಿ ತಾಳೆ ನೋಡಿ ಪುಸ್ತಕ ಮುಚ್ಚುವುದು. ಅದಾದ ಮೇಲೆಯೇ ಅಂಗಡಿಯ ಖಾತೆಗೆ ಹಣ ಹೊರಡುತ್ತದೆ. ಈಗಿನ ಎಷ್ಟೋ ಮಷೀನುಗಳು ರಾತ್ರಿ ತಾವೇ ಸೆಟಲ್ ಮಾಡಿಕೊಳ್ಳುತ್ತವೆ. ನಮ್ಮ ಹಳೆಯ ಮಷೀನಿನಲ್ಲಿ ಅದನ್ನು ನಾನು ಮಾಡಬೇಕಿತ್ತು. ಒಂದು ದಿನ ಬೇಗ ಮನೆಗೆ ಹೋಗುವ ಆತುರದಲ್ಲಿ ಸಂಜೆ ನಾಲ್ಕಕ್ಕೇ ಸೆಟಲ್‌ಮೆಂಟ್ ಒತ್ತಿಬಿಟ್ಟೆ. ಐದಕ್ಕೆ ಒಬ್ಬ ತಾಯಿ ಮಗಳ ಲಂಗ ಅಳತೆಗೆ ಬರಲಿಲ್ಲವೆಂದು ಹಿಂದಿರುಗಿಸಲು ಬಂದರು. ವಾಯ್ಡ್‌ಗೆ ಹೋಗಿ ನಂಬರ್ ಕೊಟ್ಟರೆ ಅಂಥ ವ್ಯವಹಾರವೇ ಇಲ್ಲವೆಂದು ಮಷೀನು ಹೇಳಿತು. ಮುಚ್ಚಿದ ಪುಸ್ತಕದಲ್ಲಿ ಅಳಿಸುವುದಕ್ಕೆ ಅವಕಾಶವಿಲ್ಲ. ಹೊಸ ಪುಟದಲ್ಲಿ ಖರ್ಚು ಬರೆಯಬೇಕು, ಅದೇ ರಿಫಂಡ್. ಅದು ಅವರ ಖಾತೆ ಸೇರಲು ದಿನಗಳು ಹಿಡಿಯುತ್ತವೆ. ತಪ್ಪು ಪೂರ್ತಿ ನನ್ನದೇ.

ಈ ಮೂರರಲ್ಲಿ ಯಾವುದೇ ಆದರೂ, ಚೀಟಿ ಬಂದಿದ್ದರೆ ಕೈಹಿಡಿಯುವುದು ಅದೇ. ನಮ್ಮ ಅಂಗಡಿಯ ಮಷೀನಿನ ಗುರುತಾದ ಟಿಐಡಿ, ಅಂಗಡಿಯ ಗುರುತಾದ ಎಂಐಡಿ, ಬ್ಯಾಚ್ ನಂಬರ್, ಬ್ಯಾಂಕು ಒಪ್ಪಿದ್ದಕ್ಕೆ ಆರು ಅಕ್ಷರಗಳ ಅಪ್ರೂವಲ್ ಕೋಡ್, ಇವೆಲ್ಲದರ ನಡುವೆ ಆ ಒಂದು ವ್ಯವಹಾರವನ್ನು ಹುಡುಕಲು ಬೇಕಾದ ಹನ್ನೆರಡು ಅಂಕಿಗಳ ಗುರುತಿನ ಸಂಖ್ಯೆ, ಆರ್‌ಆರ್‌ಎನ್ ಇರುತ್ತದೆ. ಬ್ಯಾಂಕಿನವರು ಫೋನಿನಲ್ಲಿ ಮೊದಲು ಕೇಳುವುದು ಈ ಆರ್‌ಆರ್‌ಎನ್ ಅನ್ನೇ. ರುಪೇ ಕಾರ್ಡಿನ ಚೀಟಿಯಲ್ಲಿ ಎಐಡಿ ಎಂಬಲ್ಲಿ ಎ000000524 ಎಂದು ಶುರುವಾಗುವ ಸಾಲೊಂದು ಇರುತ್ತದೆ. ಅದು ಚಿಪ್ಪಿನೊಳಗಿನ ರುಪೇ ಅಪ್ಲಿಕೇಶನ್ನಿನ ಹೆಸರು, ಅದನ್ನು ಕಾರ್ಡ್ ನಂಬರ್ ಎಂದು ತಿಳಿದು ಗಾಬರಿಯಾಗಬೇಕಿಲ್ಲ. ಕಾಗದ ಥರ್ಮಲ್ ಆದ್ದರಿಂದ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಕಿಟಕಿಯ ಬಳಿ ಇಟ್ಟರೆ ಅಕ್ಷರಗಳು ಮಾಯವಾಗುತ್ತವೆ. ಗಿರಾಕಿ ತನ್ನ ಬ್ಯಾಂಕಿನಲ್ಲಿ ತಕರಾರು ತೆಗೆದು ಚಾರ್ಜ್‌ಬ್ಯಾಕ್, ಅಂದರೆ ಹಣವನ್ನು ನಮ್ಮಿಂದ ಹಿಂದಕ್ಕೆ ಪಡೆಯುವ ಕೋರಿಕೆ, ಬಂದರೆ ಬ್ಯಾಂಕಿಗೆ ತೋರಿಸಬೇಕಾದ ಪುರಾವೆ ಅದೇ ಆದ್ದರಿಂದ, ದೊಡ್ಡ ಮೊತ್ತದ ಚೀಟಿಗಳ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕುತ್ತೇನೆ.

ಇನ್ನು ‘ಸ್ವೈಪ್ ಮಾಡ್ರಿ’ ಎಂಬ ಮಾತಿನ ಬಗ್ಗೆ ಏನು ಹೇಳುವುದು? 2018ರ ಕೊನೆಗೆ ಬರೀ ಕಪ್ಪು ಪಟ್ಟಿಯ ಕಾರ್ಡುಗಳನ್ನೆಲ್ಲ ಚಿಪ್ ಕಾರ್ಡಿಗೆ ಬದಲಿಸಬೇಕೆಂದು ಬ್ಯಾಂಕುಗಳಿಗೆ ಗಡುವಿತ್ತು. ಈಗ ಕಾರ್ಡನ್ನು ಒಳಗೆ ಸಿಕ್ಕಿಸುತ್ತೇವೆ ಅಥವಾ ಮುಟ್ಟಿಸುತ್ತೇವೆ, 5,000 ರೂಪಾಯಿವರೆಗೆ ಮುಟ್ಟಿಸಿದರೆ ಪಿನ್ ಕೂಡ ಬೇಡ. ಉಜ್ಜುವುದು ನಿಂತರೂ ಮಾತು ನಿಂತಿಲ್ಲ. ಎಂಡಿಆರ್ ಎಂದರೆ ಕಾರ್ಡ್ ಮಾರಾಟದ ಮೊತ್ತದಲ್ಲಿ ಬ್ಯಾಂಕು ನಮ್ಮಿಂದ ಮುರಿದುಕೊಳ್ಳುವ ವಟಾವು, ಅಂದರೆ ಕಮಿಷನ್. ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ಅದು ಇಲ್ಲ. ಆದರೂ ಡೆಬಿಟ್ ಕಾರ್ಡ್ ಕೊಟ್ಟ ಗಿರಾಕಿಯಿಂದ ‘ಎರಡು ಪರ್ಸೆಂಟ್ ಜಾಸ್ತಿ’ ಕೇಳುವ ಅಂಗಡಿಗಳನ್ನು ನೋಡಿದ್ದೇನೆ, ಅದು ಸರಿಯಲ್ಲ.

ಹರಿಹರದ ಹಿರಿಯರಿಗೆ ಅಂದು ನಾನು ಮಷೀನಿನ ಬೆನ್ನಿಗೆ ಅಂಟಿಸಿದ್ದ ಟಿಐಡಿ, ದಿನ, ವೇಳೆ, ಮೊತ್ತವನ್ನು ಅಂಗಡಿಯ ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿ ಕೊಟ್ಟೆ. ಸೀರೆಯನ್ನು ಅವರ ಹೆಸರಿನ ಚೀಟಿ ಚುಚ್ಚಿ ಬೀರುವಿನಲ್ಲಿಟ್ಟೆ. ನಾಲ್ಕನೆಯ ದಿನ ಅವರು ಮತ್ತೆ ಬಂದರು. ಹಣ ಮರಳಿದ ಮೆಸೇಜನ್ನು ಮೊದಲು ತೋರಿಸಿದರು. ಆಮೇಲೆ ಟವೆಲ್ಲಿನ ಗಂಟಿನಿಂದ ನೋಟು ತೆಗೆದು, “ಈ ಸಲ ಎಣಿಸ್ಕೊಳ್ರಿ,” ಎಂದು ಗಲ್ಲಾದ ಮೇಲಿಟ್ಟರು.